ಹಾರ್ಮೋನ್ ಇಲ್ಲದ ಗರ್ಭನಿರೋಧಕ ಜೆಲ್: ನನ್ನ ಅನುಭವ

"ಕಾಪರ್-ಟಿ ಇದೆ, ಸಹೇಲಿ ಮಾತ್ರೆ ಇದೆ. ನಿಮಗ್ಯಾಕೆ ಮೇಡಂ ಈ ಉಸಾಬರಿ?" ಹಾರ್ಮೋನ್ ಇಲ್ಲದ ಗರ್ಭನಿರೋಧಕ ಜೆಲ್ ಮಾಡಲು ಹೊರಟಾಗ, ಫಾರ್ಮುಲೇಷನ್ (ಔಷಧ ತಯಾರಿ) ಕೆಲಸದಲ್ಲಿರುವ ಪರಿಚಯದವರೆಲ್ಲ ಇದನ್ನೇ ಕೇಳಿದರು. ಕಾಪರ್-ಟಿ ಹಾಕಿಸಿಕೊಂಡ ಹಲವರಿಗೆ ಮುಟ್ಟಿನ ಸ್ರಾವ ಜಾಸ್ತಿಯಾಗುತ್ತದೆ. ನಮ್ಮ ರಾಜ್ಯದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ. ಸಹೇಲಿಯಲ್ಲಿ ಸ್ಟೀರಾಯ್ಡ್ ಇಲ್ಲ ನಿಜ, ಆದರೆ ಅದು ಕೆಲಸ ಮಾಡುವುದು ಈಸ್ಟ್ರೊಜೆನ್ ಹಾರ್ಮೋನು ಅಂಟುವ ರಿಸೆಪ್ಟರ್ ಮೇಲೇ. ಬೇಕಾದಾಗ ಬಳಸಿ ಬೇಡವಾದಾಗ ಬಿಡುವ ಸಾಧನವೊಂದು ಹೆಣ್ಣಿನ ಕೈಯಲ್ಲೇ ಇರಬೇಕು ಅನ್ನುವುದು ನನ್ನ ಹಟ.

ವೀರ್ಯಾಣು ಕೊಲ್ಲುವ ಹಳೆಯ ರಾಸಾಯನಿಕ ನಾನಾಕ್ಸಿನಾಲ್-9 ಕಡೆ ತಿರುಗಿಯೂ ನೋಡಲಿಲ್ಲ. ಪದೇಪದೇ ಬಳಸಿದವರಲ್ಲಿ ಎಚ್‌ಐವಿ ಅಪಾಯ ಹೆಚ್ಚಿತು ಅಂತ 2002ರಲ್ಲೇ ಪ್ರಕಟವಾಗಿದೆ. ನನ್ನ ದಾರಿ ಆಮ್ಲದ ಬಫರ್, ಅಂದರೆ ಹುಳಿಯನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಮಿಶ್ರಣ. ವೀರ್ಯ ಬಿದ್ದ ಮೇಲೂ ಯೋನಿಯ ಪಿಹೆಚ್ ಏರಬಾರದು, ಅಂದರೆ ಅಲ್ಲಿನ ಹುಳಿ ತಗ್ಗಬಾರದು, ಅಷ್ಟೇ; ಹುಳಿಯಲ್ಲಿ ವೀರ್ಯಾಣು ಓಡಲಾರದು. ಇದೇ ದಾರಿಯ ಫೆಕ್ಸಿ ಅನ್ನುವ ಜೆಲ್ಲಿಗೆ ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಿದೆ. ಲ್ಯಾಕ್ಟಿಕ್ ಆಮ್ಲ, ಸಿಟ್ರಿಕ್ ಆಮ್ಲ, ಪೊಟ್ಯಾಸಿಯಂ ಬೈಟಾರ್ಟರೇಟ್ ಈ ಮೂರೇ ಅದರ ಜೀವಾಳ. ನಮ್ಮ ಸೆಕೆಗೆ ತಡೆಯುವ, ನಮ್ಮ ಬೆಲೆಗೆ ಎಟಕುವ ಜೆಲ್ ನನಗೆ ಬೇಕಿತ್ತು.

ಜೆಲ್ ಗಟ್ಟಿ ಮಾಡುವ ಕಾರ್ಬೊಪಾಲ್ ಮೊದಲ ವಾರವೇ ಕೈಕೊಟ್ಟಿತು. ಪಿಹೆಚ್ 4ರ ಕೆಳಗೆ ಅದು ಸರಿಯಾಗಿ ಗಟ್ಟಿಯಾಗುವುದಿಲ್ಲ. ಗಟ್ಟಿ ಮಾಡಿದರೂ ವೀರ್ಯದ ಉಪ್ಪು ತಗುಲಿದ ಕೂಡಲೇ ನೀರು. ಇನ್ನೊಂದು ಅಂಟು, ಕ್ಸಾಂಥಾನ್ ಗಮ್‌ಗೆ ಬಂದೆ. ಗಂಟು ಕಟ್ಟದಿರಲಿ ಅಂತ ಗ್ಲಿಸರಿನ್‌ನಲ್ಲಿ ಕಲಸಿದೆವು. ಜೆಲ್ ಚೆಂದ ಬಂತು, ಆದರೆ ಆಸ್ಮೊಲಾಲಿಟಿ (ಕರಗಿದ ಕಣಗಳ ಸಾಂದ್ರತೆ) 2000 ದಾಟಿತು. ಲೂಬ್ರಿಕೆಂಟ್‌ಗಳಿಗೆ ಡಬ್ಲ್ಯುಎಚ್‌ಒ ಹೇಳುವ ಮಿತಿ 1200. ಅದಕ್ಕಿಂತ ಮೇಲೆ ಹೋದರೆ ಯೋನಿಯ ಒಳಪೊರೆ ಸುಲಿಯಬಹುದು. ಗ್ಲಿಸರಿನ್ ಕಡಿಮೆ ಮಾಡಿ ಕಲಸುವ ಬೇರೆ ದಾರಿ ಹುಡುಕುವುದರಲ್ಲೇ ಒಂದೂವರೆ ಲಕ್ಷದಷ್ಟು ಖರ್ಚಾಯಿತು. ಆಸ್ಮೋಮೀಟರ್ ಬಾಡಿಗೆಯೇ ಅದರ ದೊಡ್ಡ ಪಾಲು.

ಎಲ್ಲಕ್ಕಿಂತ ಕಾಡಿದ್ದು ಬೈಟಾರ್ಟರೇಟ್. ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಬೆಳಿಗ್ಗೆ ಬಂದು ಎರಡು ಬೆರಳ ನಡುವೆ ಜೆಲ್ ಉಜ್ಜಿದರೆ ರವೆ ಹಾಗೆ ಸಿಗುತ್ತಿತ್ತು. ಬ್ಯಾಚ್ ಮೇಲೆ ಬ್ಯಾಚ್ ಚೆಲ್ಲಿದೆವು. ಕೊನೆಗೆ ಯಾವುದನ್ನು ಯಾವಾಗ ಹಾಕಬೇಕು, ಎಷ್ಟು ನಿಧಾನ ತಣಿಸಬೇಕು ಅನ್ನುವುದು ಕೈಗೆ ಬಂತು. ಆ ಕ್ರಮ ಇಲ್ಲಿ ಬರೆಯುವುದಿಲ್ಲ, ಪೇಟೆಂಟ್ ಅರ್ಜಿ ಇನ್ನೂ ಬಾಕಿ ಇದೆ.

ನಡುವೆ ಅಂಟುವಾಳಕಾಯಿಯನ್ನೂ ನೋಡಿದೆ. ಲಖನೌದ ಔಷಧ ಸಂಶೋಧನಾ ಸಂಸ್ಥೆ ಸಿಡಿಆರ್‌ಐಯಲ್ಲಿ ಅದರ ನೊರೆ ಬರಿಸುವ ಅಂಶ ಸಾಪೋನಿನ್‌ನಿಂದ ಕ್ರೀಮ್ ಮಾಡಿದ್ದರು. ವೀರ್ಯಾಣು ನಿಮಿಷದೊಳಗೆ ನಿಲ್ಲುತ್ತದೆ, ಭಾರಿ ಜೋರು. ಆದರೆ ನಾನು ಬ್ಯಾಕ್ಟೀರಿಯಾ ಬೆಳೆಸಿದ ಪ್ಲೇಟಿನಲ್ಲಿ, ಯೋನಿಯ ಹುಳಿ ಉಳಿಸುವ ಲ್ಯಾಕ್ಟೊಬ್ಯಾಸಿಲಸ್ ಕೂಡ ಸೊರಗಿತು. ಆ ಒಳ್ಳೆಯ ಬ್ಯಾಕ್ಟೀರಿಯಾವನ್ನು ಬಲಿಕೊಟ್ಟು ನನಗೆ ಏನೂ ಬೇಡ. ಯಾರಿಗಾದರೂ ಪುರುಸೊತ್ತಿದ್ದರೆ ಕಡಿಮೆ ಡೋಸ್‌ನಲ್ಲಿ ನೋಡಿ, ಅಲ್ಲಿ ಏನೋ ಇದೆ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಸಿಂಥೆಟಿಕ್ ವೀರ್ಯದಲ್ಲಿ ಪಾಸಾದರೆ ಸಾಲದು, ಅಲ್ವಾ? ಎಥಿಕ್ಸ್ ಒಪ್ಪಿಗೆ ಪಡೆದು, ವೀರ್ಯ ಕೊಟ್ಟವರ ಸಹಿ ಪಡೆದು, ಒಂದು ಫರ್ಟಿಲಿಟಿ ಕ್ಲಿನಿಕ್ಕಿನಲ್ಲಿ ಪರೀಕ್ಷೆ ಮುಗಿದು ಉಳಿದ ಮಾದರಿ ತಂದೆವು. ಜೆಲ್ ಜೊತೆ ಸಮಸಮ ಬೆರೆಸಿದಾಗ ಪಿಹೆಚ್ 4.3ರ ಆಸುಪಾಸಿನಲ್ಲೇ ನಿಂತಿತು. ವೀರ್ಯಾಣು ಎಣಿಸುವ ಮ್ಯಾಕ್ಲರ್ ಚೇಂಬರಿನಲ್ಲಿ ಎರಡು ನಿಮಿಷದ ಮೇಲೆ ಓಡುವ ವೀರ್ಯಾಣು ಒಂದೂ ಇರಲಿಲ್ಲ. ಅನುಮಾನ ಪಟ್ಟವರಲ್ಲಿ ಇಬ್ಬರನ್ನು ಕರೆದು ಅವರಿಂದಲೇ ಎಣಿಕೆ ಮಾಡಿಸಿದೆ. ಆಮೇಲೆ ಯಾರೂ ಉಸಾಬರಿ ಅನ್ನಲಿಲ್ಲ.

ಇನ್ನು ಜೆಲ್ ಒಳಗೆ ಹಾಕುವ ಕೊಳವೆ, ಅಪ್ಲಿಕೇಟರ್. ಐದು ಗ್ರಾಂ ತುಂಬಿದರೆ ನಾಲ್ಕು ಚಿಲ್ಲರೆ ಮಾತ್ರ ಹೊರಗೆ ಬರುತ್ತದೆ, ಉಳಿದದ್ದು ತುದಿಯಲ್ಲೇ. ಹೊಸ ಅಚ್ಚಿಗೆ ನಾಲ್ಕೈದು ಲಕ್ಷ ಹೇಳುತ್ತಾರೆ. ಸದ್ಯಕ್ಕೆ ಜಾಸ್ತಿ ತುಂಬಿ ಸರಿದೂಗಿಸುತ್ತಿದ್ದೇನೆ.

ಕೆಡದೆ ಎಷ್ಟು ದಿನ ಉಳಿಯುತ್ತದೆ ಅಂತ ನೋಡಲು ಜೆಲ್ ಈಗ 40 ಡಿಗ್ರಿ, ಶೇ. 75 ತೇವದ ಚೇಂಬರಿನಲ್ಲಿದೆ. ಮೂರನೇ ತಿಂಗಳ ಪಿಹೆಚ್ ಅಲುಗಿಲ್ಲ, ದಪ್ಪ ಸ್ವಲ್ಪ ಇಳಿದಿದೆ. ಆರು ತಿಂಗಳು ದಾಟಿದರೆ ಮೊಲದ ಮೇಲೆ ಇರಿಟೇಷನ್ ಪರೀಕ್ಷೆ. ಹೆಂಗಸರ ಮೇಲಿನ ಟ್ರಯಲ್ ಆಮೇಲಿನ ಮಾತು. ಮೊಲದ ಪರೀಕ್ಷೆಯನ್ನು ಇತ್ತೀಚೆಗೆ ಮಾಡಿಸಿದವರಿದ್ದರೆ ಎಷ್ಟಾಯಿತು ಹೇಳಿ, ನನಗೆ ಬಂದಿರುವ ಕೊಟೇಶನ್ ವಿಪರೀತ ಅನ್ನಿಸುತ್ತಿದೆ.