ಅರ್ಧ ಕುಶಾಲನಗರದಲ್ಲಿ, ಅರ್ಧ ಮುಂಬೈಯಲ್ಲಿ: ನಮ್ಮ ಹೈಬ್ರಿಡ್ ಐಟಿ ಅನುಭವ

ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಗ್ರೇಡ್ ಮಾಡುವ ಕಾರ್ಖಾನೆ) ಐಟಿ ನೋಡಿಕೊಳ್ಳುತ್ತೇನೆ. ಸಿದ್ದಾಪುರದಲ್ಲಿ ನಮ್ಮ ಖರೀದಿ ಡಿಪೋ ಇದೆ. ‘ಎಲ್ಲಾ ಇಲ್ಲೇ ಇಡಿ, ಇಲ್ಲಾ ಎಲ್ಲಾ ಕ್ಲೌಡ್‌ಗೆ ಹಾಕಿ. ಎರಡೂ ಅಂದ್ರೆ ಎರಡು ಪಟ್ಟು ತಲೆನೋವು’ ಅಂತ ಆಡಿಟರ್‌ನಿಂದ ಹಿಡಿದು ಬೆಂಗಳೂರಿನ ಗೆಳೆಯರವರೆಗೆ ಎಲ್ಲರೂ ಹೇಳಿದ್ದರು. ಈ ಸೀಸನ್ ಮುಗಿಯಿತು. ಕಂಪ್ಯೂಟರ್ ಕಾರಣಕ್ಕೆ ಒಂದು ಲಾರಿಯೂ ಗೇಟಿನಲ್ಲಿ ನಿಲ್ಲಲಿಲ್ಲ.

ಅವರು ಹೇಳಿದ ಎರಡೂ ದಾರಿ ನಾವು ನೋಡಿಯಾಗಿತ್ತು. ನಾನು ಸೇರುವ ಮೊದಲು ಎಲ್ಲಾ ಆಫೀಸ್ ಸರ್ವರ್‌ನಲ್ಲೇ ಇತ್ತು, ಬ್ಯಾಕಪ್ ಡಿಸ್ಕ್ ಕೂಡ ಅದೇ ರ್‍ಯಾಕ್‌ನಲ್ಲಿ. ಒಂದು ಏಪ್ರಿಲ್ ಸಂಜೆ ಸಿಡಿಲಿಗೆ ಯುಪಿಎಸ್, ಸ್ವಿಚ್, ಡಿಸ್ಕ್ ಎಲ್ಲಾ ಒಟ್ಟಿಗೆ ಹೋದವು. ಆಮೇಲೆ ಬಂದ ವೆಂಡರ್ ತೂಕದ ಸಾಫ್ಟ್‌ವೇರ್ ಸಮೇತ ಎಲ್ಲವನ್ನೂ ಕ್ಲೌಡ್‌ಗೆ ಸಾಗಿಸಿದ. ಮಾರ್ಚ್‌ನ ಹೂಮಳೆ ಗಾಳಿಗೆ ಸಿಲ್ವರ್ ಮರದ ಕೊಂಬೆ ಫೈಬರ್ ಮೇಲೆ ಬಿತ್ತು. ರೊಬಸ್ಟಾ ಲಾರಿಗಳು ವೇಬ್ರಿಡ್ಜ್ ಎದುರು ಸಾಲುಗಟ್ಟಿದವು. ಡಿಸ್‌ಪ್ಲೇಯಲ್ಲಿ ತೂಕ ಕಾಣುತ್ತಿದೆ, ಚೀಟಿ ಮಾತ್ರ ಬರುತ್ತಿಲ್ಲ. ಇಷ್ಟಕ್ಕೆ ತಿಂಗಳಿಗೆ ಹತ್ತಿರ ಹತ್ತಿರ 40 ಸಾವಿರ ಬಿಲ್. ರಾತ್ರಿ ಯಾರೂ ಮುಟ್ಟದ ವಿಂಡೋಸ್ ಸರ್ವರ್‌ಗೂ ಮೀಟರ್ ಓಡುತ್ತಿತ್ತು.

ನಾನು ಒಂದೇ ಪ್ರಶ್ನೆ ಇಟ್ಟುಕೊಂಡೆ: ನೆಟ್ ಹೋದರೆ ಯಾವುದು ನಿಂತರೆ ಲಾರಿ ನಿಲ್ಲುತ್ತದೆ? ತೂಕ, ಔಟ್‌ಟರ್ನ್ ಲ್ಯಾಬ್ (ತಂದ ಕಾಫಿಯಿಂದ ಎಷ್ಟು ಬೀಜ ಸಿಗುತ್ತದೆ ಎಂದು ನೋಡುವ ಕಡೆ), ಗೋಡೌನ್ ಸ್ಟಾಕ್. ಈ ಮೂರು ನಮ್ಮ ಸ್ವಂತ ಸರ್ವರ್‌ಗೆ ವಾಪಸ್ ಬಂದವು. ಮೇಲ್, ಎಕ್ಸ್‌ಪೋರ್ಟ್ ದಾಖಲೆ, ಬ್ಯಾಕಪ್ ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯುಎಸ್‌ನ ಮುಂಬೈ ರೀಜನ್‌ನಲ್ಲೇ (ಅಲ್ಲಿನ ಡೇಟಾ ಸೆಂಟರ್‌ಗಳಲ್ಲೇ) ಉಳಿದವು. ಸೆಕೆಂಡ್ ಹ್ಯಾಂಡ್ ಸರ್ವರ್, ಒಂದೇ ಸರ್ವರ್‌ನಲ್ಲಿ ಹಲವು ಸರ್ವರ್ ಓಡಿಸುವ ಪ್ರಾಕ್ಸ್‌ಮಾಕ್ಸ್ ಸಾಫ್ಟ್‌ವೇರ್, ಎರಡು ಮೈಕ್ರೋಟಿಕ್ ರೌಟರ್, ಲಿಥಿಯಂ ಬ್ಯಾಟರಿ, ಹೊಸ ಅರ್ಥಿಂಗ್ ಎಲ್ಲಾ ಸೇರಿ ಎರಡೂಮುಕ್ಕಾಲು ಲಕ್ಷದ ಆಸುಪಾಸು. ಸಿಡಿಲಿನಿಂದ ಕಾಯುವ ಅರ್ಥಿಂಗ್‌ಗೆ ಚೌಕಾಸಿ ಮಾಡಬೇಡಿ. ಈಗ ಕ್ಲೌಡ್ ಬಿಲ್ ತಿಂಗಳಿಗೆ 9–10 ಸಾವಿರ.

ಜಾಸ್ತಿ ಕಾಡಿದ್ದು ಚೀಟಿ ನಂಬರ್. ಕುಶಾಲನಗರ, ಸಿದ್ದಾಪುರ ಎರಡು ಕಡೆ ಎರಡು ಡೇಟಾಬೇಸ್, ಲಿಂಕ್ ಇಲ್ಲದಾಗ ಎರಡೂ ಅದೇ ನಂಬರ್ ಕೊಡುತ್ತವೆ. ನಂಬರ್ ಮುಂದೆ ಜಾಗಕ್ಕೊಂದು ಪ್ರಿಫಿಕ್ಸ್ (ಗುರುತಿನ ಅಕ್ಷರ) ಹಾಕಿದರೆ ಮುಗಿಯಿತು, ಆದರೆ ಇನ್‌ವಾಯ್ಸ್‌ನಲ್ಲಿ ಅದು ಚಿಕ್ಕದಿರಬೇಕು. ಜಿಎಸ್‌ಟಿ ಇನ್‌ವಾಯ್ಸ್ ನಂಬರ್ 16 ಅಕ್ಷರ ದಾಟುವಂತಿಲ್ಲ, ವರ್ಷವೇ ನಾಲ್ಕೈದು ತಿನ್ನುತ್ತದೆ. ನಾವು ಒಂದೇ ಅಕ್ಷರ ಇಟ್ಟೆವು.

ತೂಕ ಆಫ್‌ಲೈನ್ ನಡೆಯುತ್ತದೆ, ಇ-ಇನ್‌ವಾಯ್ಸ್ ನಡೆಯಲ್ಲ. 2023ರ ಆಗಸ್ಟ್‌ನಿಂದ 5 ಕೋಟಿ ವಹಿವಾಟು ದಾಟಿದ ನಮ್ಮಂಥ ವ್ಯಾಪಾರದವರಿಗೆ ಅದು ಕಡ್ಡಾಯ, ಸರ್ಕಾರಿ ಪೋರ್ಟಲ್‌ನಿಂದ ಐಆರ್‌ಎನ್ (ಇನ್‌ವಾಯ್ಸ್‌ನ ಗುರುತು ಸಂಖ್ಯೆ) ಬರಲೇಬೇಕು. ಅದಕ್ಕೆ ಕೆಲವು ಕೆಬಿ ಡೇಟಾ ಸಾಕು. ಹಾಗಾಗಿ 4ಜಿ ಬ್ಯಾಕಪ್ ಇಟ್ಟೆವು, ಆಂಟೆನಾ ಗೋಡೌನ್ ನೆತ್ತಿಯ ಮೇಲೆ. ಮೊದಲ ಸಲ ಫೈಬರ್ ಹೋದಾಗ ಸಿಸಿಟಿವಿ ಅಪ್‌ಲೋಡ್, ವಿಂಡೋಸ್ ಅಪ್‌ಡೇಟ್ ಸೇರಿ ಮಧ್ಯಾಹ್ನದೊಳಗೆ ಕೋಟಾ ನುಂಗಿದವು. ಈಗ 4ಜಿಗೆ ಬಿದ್ದ ತಕ್ಷಣ ಇನ್‌ವಾಯ್ಸ್, ಇ-ವೇ ಬಿಲ್, ಮೇಲ್ ಬಿಟ್ಟು ಉಳಿದದ್ದೆಲ್ಲಾ ಬ್ಲಾಕ್.

4ಜಿಯಲ್ಲಿ ಸಿಜಿನ್ಯಾಟ್ (ಹಲವರಿಗೆ ಒಂದೇ ಇಂಟರ್ನೆಟ್ ವಿಳಾಸ ಹಂಚುವ ಪದ್ಧತಿ) ಇರುವುದರಿಂದ ಹೊರಗಿನಿಂದ ವಿಪಿಎನ್ (ಎರಡು ಜಾಗ ಜೋಡಿಸುವ ಸುರಕ್ಷಿತ ಸುರಂಗ) ಒಳಗೆ ಬರಲ್ಲ. ಮುಂಬೈಯಲ್ಲಿ ಪುಟ್ಟ ವಿಪಿಎಸ್ (ಬಾಡಿಗೆ ಸರ್ವರ್) ತೆಗೆದುಕೊಂಡು ಆಫೀಸ್, ಡಿಪೋ ಎರಡೂ ಕಡೆಯಿಂದ ಅದಕ್ಕೆ ವೈರ್‌ಗಾರ್ಡ್ ಎಂಬ ವಿಪಿಎನ್ ಡಯಲ್ ಮಾಡಿಸಿದೆ. ಲಿಂಕ್ ತೆರೆದೇ ಇರಲು ಕಳಿಸುವ ಕೀಪ್‌ಅಲೈವ್ 25 ಸೆಕೆಂಡಿಗೊಮ್ಮೆ. ಎಂಟಿಯು (ಒಂದು ಸಲಕ್ಕೆ ಕಳಿಸುವ ಡೇಟಾ ತುಂಡಿನ ಗಾತ್ರ) ಎಷ್ಟಿಟ್ಟೆ, ಲಿಂಕ್ ಬದಲಾಗುವಾಗ ಸೆಷನ್ ಹೇಗೆ ಉಳಿಸಿಕೊಂಡೆ ಅನ್ನೋದು ನನ್ನ ಹತ್ತಿರವೇ ಇರಲಿ. ಅದಕ್ಕೆ ಒಂದಿಡೀ ಮಳೆಗಾಲ ಕೊಟ್ಟಿದ್ದೇನೆ.

ಬ್ಯಾಕಪ್ ಕ್ಲೌಡ್‌ನಲ್ಲಿದೆ ಅಂತ ಸುಮ್ನೆ ಕೂರಬೇಡಿ. ನಮ್ಮ ಡೇಟಾ ಸುಮಾರು 300 ಜಿಬಿ. 50 ಎಂಬಿಪಿಎಸ್ ಲೈನ್‌ನಲ್ಲಿ ಅದನ್ನು ಇಳಿಸಲು 13 ಗಂಟೆ ಮೇಲೆ ಬೇಕು, ಅದೂ ಲೈನ್ ಸರಿಯಿದ್ದರೆ. ಆದ್ದರಿಂದ ಇನ್ನೊಂದು ಪ್ರತಿ ಬೇರೆ ಕಟ್ಟಡದಲ್ಲಿದೆ. ಕ್ಲೌಡ್ ಪ್ರತಿಗೆ ಆಬ್ಜೆಕ್ಟ್ ಲಾಕ್ (ಗೊತ್ತುಮಾಡಿದ ಅವಧಿಯವರೆಗೆ ಅಳಿಸಲು ಬಿಡದ ಬೀಗ) ಹಾಕಿದ್ದೇನೆ, ಡೇಟಾ ಒತ್ತೆ ಇಟ್ಟು ಹಣ ಕೇಳುವ ರ್‍ಯಾನ್ಸಮ್‌ವೇರ್ ಬಂದರೂ ಅಳಿಸಲಾಗದು.

ನಡುವೆ ಗೋಡೌನ್ ತೇವಾಂಶ ನೋಡಲು ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರ ತಲುಪುವ ರೇಡಿಯೋ) ಸೆನ್ಸರ್ ಹಾಕಿ ನೋಡಿದೆ. 865–867 ಮೆಗಾಹರ್ಟ್ಸ್‌ಗೆ ಲೈಸೆನ್ಸ್ ಬೇಡ, ಖರ್ಚೂ ಕಮ್ಮಿ. ಜುಲೈ ತೇವಕ್ಕೆ ಅರ್ಧ ಸೆನ್ಸರ್‌ಗಳ ಪಿನ್ ಕಿಲುಬು ಹಿಡಿದು ಹಸಿರಾದವು. ಬೋರ್ಡ್‌ಗೆ ಕೋಟಿಂಗ್ ಹೊಡೆದದ್ದು ಇನ್ನೂ ಓಡುತ್ತಿವೆ.

ಬಾಕಿ ಇರೋದು ಲಾಗಿನ್. ಕೆಲಸ ಬಿಟ್ಟವರ ಖಾತೆಯನ್ನು ಇವತ್ತಿಗೂ ನಮ್ಮ ಸರ್ವರ್, ಕ್ಲೌಡ್ ಎರಡು ಕಡೆ ಕೈಯಾರೆ ಮುಚ್ಚುತ್ತಿದ್ದೇನೆ. ಎರಡನ್ನೂ ಒಂದೇ ಡೈರೆಕ್ಟರಿಗೆ (ಬಳಕೆದಾರರ ಒಂದೇ ಪಟ್ಟಿಗೆ) ತರುವ ಕೆಲಸ ಮಳೆಗಾಲದಲ್ಲಿ ಶುರು ಮಾಡುತ್ತೇನೆ. ಹೊಸ ಅರೇಬಿಕಾ ಬರುವ ಮುಂಚೆ ಮುಗಿಯಬೇಕು.