ಡಿಫೆಂಡರ್ ಆಗಿದ್ದವರು ಕೋಚ್ ಆಗುವುದು ಹೇಗೆ: ಆ್ಯಶ್ಲಿ ವೆಸ್ಟ್‌ವುಡ್ ನಡೆದ ದಾರಿಯಿಂದ ಕಲಿಯಬಹುದಾದದ್ದು

ಹತ್ತು ಹನ್ನೆರಡು ವರ್ಷ ಲೀಗ್ ಪಂದ್ಯಗಳಲ್ಲಿ ಸ್ಟಾಪರ್ ಬ್ಯಾಕ್ (ಹಿಂದಿನ ಸಾಲಿನ ನಡುವಿನ ಡಿಫೆಂಡರ್, ಸೆಂಟರ್ ಬ್ಯಾಕ್) ಆಗಿ ಆಡಿ, ಮಂಡಿ ಮಾತು ಕೇಳದ ವಯಸ್ಸಿಗೆ ಬಂದಿರುವ ಆಟಗಾರರು ಮುಂದೆ ಕೋಚ್ ಆಗಬೇಕೆಂದಿದ್ದರೆ ಯಾವ ಕ್ರಮದಲ್ಲಿ ಸಿದ್ಧರಾಗಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಇದಕ್ಕೆ ಮಾದರಿಯಾಗಿ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಫುಟ್‌ಬಾಲ್ ಕ್ಲಬ್‌ನ ಮೊದಲ ಮ್ಯಾನೇಜರ್ ಆ್ಯಶ್ಲಿ ವೆಸ್ಟ್‌ವುಡ್ ಅವರನ್ನು ಆರಿಸಿಕೊಂಡಿದ್ದೇನೆ. 1976ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಸೆಂಟರ್ ಬ್ಯಾಕ್ ದೊಡ್ಡ ತಾರೆಯೇನೂ ಆಗಿರಲಿಲ್ಲ. ನಮ್ಮವರಿಗೆ ಅವರ ಕಥೆ ಉಪಯುಕ್ತವಾಗುವುದೂ ಅದೇ ಕಾರಣಕ್ಕೆ. (ಅಂತರ್ಜಾಲದಲ್ಲಿ ಹುಡುಕುವಾಗ ಬರ್ನ್ಲಿ ತಂಡದ ಪರ ಆಡಿದ್ದ ಅದೇ ಹೆಸರಿನ ಮಿಡ್‌ಫೀಲ್ಡರ್ ಜೊತೆ ಇವರನ್ನು ಬೆರೆಸಬಾರದು.)

ಮೊದಲ ಹೆಜ್ಜೆಯನ್ನು ಆಡುತ್ತಿರುವಾಗಲೇ ಇಡಬೇಕು. ಭಾರತದಲ್ಲಿ ಕೋಚಿಂಗ್ ಲೈಸೆನ್ಸ್ ಡಿ ಹಂತದಿಂದ ಸಿ, ಬಿ, ಎ ಎಂದು ಮೇಲೇರಿ ಪ್ರೊ ಹಂತದಲ್ಲಿ ಮುಗಿಯುತ್ತದೆ. ಒಂದು ಹಂತ ಮುಗಿಸಿ ಮರುದಿನವೇ ಮುಂದಿನದಕ್ಕೆ ಹೋಗಲಾಗದ ಕಾರಣ, ನಿವೃತ್ತಿಯ ನಂತರ ಆರಂಭಿಸಿದವರು ಹಲವು ವರ್ಷಗಳನ್ನು ಕಳೆದುಕೊಳ್ಳುತ್ತಾರೆ. ‘ಇಷ್ಟು ವರ್ಷ ಆಡಿದ್ದೇನೆ, ಕಾಗದವೇಕೆ?’ ಎಂಬ ಮಾತನ್ನು ಮೈದಾನದಲ್ಲಿ ಎಷ್ಟೋ ಸಲ ಕೇಳಿದ್ದೇನೆ. ನೌಕರಿ ಕೊಡುವ ಕ್ಲಬ್ ಮೊದಲು ಕೇಳುವುದು ಆ ಕಾಗದವನ್ನೇ.

ಎರಡನೆಯದು ನೋಡುವ ಅಭ್ಯಾಸ. ಹಿಂದಿನ ಸಾಲಿನಲ್ಲಿ ನಿಂತವನಿಗೆ ಇಡೀ ಆಟ ಕಣ್ಣ ಮುಂದೆ ನಡೆಯುತ್ತದೆ. ಗೋಲ್‌ಕೀಪರ್‌ನನ್ನು ಬಿಟ್ಟರೆ ಈ ಅನುಕೂಲ ಬೇರೆ ಯಾರಿಗೂ ಅಷ್ಟಾಗಿ ಇಲ್ಲ. ಆದರೆ ಡಿಫೆಂಡರ್‌ನ ಕಣ್ಣು ಅಪಾಯವನ್ನು ಹುಡುಕುವುದಕ್ಕೆ ಪಳಗಿರುತ್ತದೆ, ಅವಕಾಶವನ್ನು ಹುಡುಕುವುದಕ್ಕಲ್ಲ. ಇದನ್ನು ತಿದ್ದಿಕೊಳ್ಳಲು ಒಂದು ಸರಳ ಉಪಾಯವಿದೆ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಲೀಗ್ ಪಂದ್ಯ ನಡೆಯುವ ದಿನ ಸ್ಟ್ಯಾಂಡಿನ ಮೇಲಿನ ಮೆಟ್ಟಿಲಲ್ಲಿ ಕುಳಿತು, ಮೊದಲ 15 ನಿಮಿಷ ಚೆಂಡನ್ನು ನೋಡದೆ ಒಂದು ತಂಡದ ಹಿಂದಿನ ನಾಲ್ವರನ್ನೇ ಗಮನಿಸಿ: ಚೆಂಡು ಎಡಗಡೆಗೆ ಹೋದಾಗ ಬಲಗಡೆಯ ಬ್ಯಾಕ್ ಎಷ್ಟು ಒಳಗೆ ಸರಿಯುತ್ತಾನೆ, ಸಾಲನ್ನು ಮುಂದಕ್ಕೆ ತರಲು ಯಾರು ಕೂಗುತ್ತಾರೆ, ಕೂಗಿದ ಮೇಲೂ ಯಾರು ಹಿಂದೆ ಉಳಿದು ಎದುರಾಳಿಯನ್ನು ಆಫ್‌ಸೈಡ್‌ನಿಂದ ಪಾರುಮಾಡುತ್ತಾನೆ ಎಂಬುದನ್ನು ಬರೆದುಕೊಳ್ಳಿ. ಇದು ನಿಮಗೆ ಸುಲಭವಾಗಿ ಬರುತ್ತದೆ. ಆಮೇಲಿನ 15 ನಿಮಿಷ ಮಾತ್ರ ಅದೇ ಸಾಲನ್ನು ಒಡೆಯಬೇಕಾದ ಫಾರ್ವರ್ಡ್‌ನ ಜಾಗದಲ್ಲಿ ನಿಂತು ಯೋಚಿಸಿ, ಖಾಲಿ ಜಾಗ ಎಲ್ಲಿ ತೆರೆಯಿತು ಎಂಬುದನ್ನಷ್ಟೇ ಗುರುತುಮಾಡಿ. ಮೊದಲ ಕೆಲವು ಪಂದ್ಯಗಳಲ್ಲಿ ಎರಡನೆಯ ಪುಟ ಬಹುಪಾಲು ಖಾಲಿಯೇ ಉಳಿಯುತ್ತದೆ. ಅದು ತುಂಬತೊಡಗಿದಾಗ ತರಬೇತಿ ಕೊಡಲು ಯೋಗ್ಯರಾಗುತ್ತಿದ್ದೀರಿ ಎಂದು ತಿಳಿಯಬಹುದು.

ಮೂರನೆಯದಾಗಿ, ನೇರವಾಗಿ ಮುಖ್ಯ ಕೋಚ್ ಹುದ್ದೆಗೆ ಕೈಹಾಕಬೇಡಿ. ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ವಿಭಾಗದಲ್ಲಿ ಬೆಳೆದ ವೆಸ್ಟ್‌ವುಡ್ ಅಲ್ಲಿಂದ 1995ರಲ್ಲಿ ಕ್ರೂ ಅಲೆಕ್ಸಾಂಡ್ರಾಕ್ಕೆ ಹೋಗಿ, ಬಳಿಕ ಬ್ರಾಡ್‌ಫರ್ಡ್ ಸಿಟಿ, ಶೆಫೀಲ್ಡ್ ವೆನ್ಸ್‌ಡೇ, ನಾರ್ಥಾಂಪ್ಟನ್ ಮುಂತಾದ ಕ್ಲಬ್‌ಗಳಲ್ಲಿ ಆಡಿದರು. ಆಟ ಮುಗಿಯುವ ಹೊತ್ತಿಗೆ ಅವರು ಸೇರಿಕೊಂಡದ್ದು ಅದೇ ಯುನೈಟೆಡ್ ಗರಡಿಯ ಮೈಕಲ್ ಆ್ಯಪಲ್ಟನ್ ಅವರ ಸಿಬ್ಬಂದಿಯನ್ನು. ಆ್ಯಪಲ್ಟನ್ ಮ್ಯಾನೇಜರ್ ಆಗಿದ್ದ ಪೋರ್ಟ್ಸ್‌ಮತ್ ಕ್ಲಬ್ ಹಣಕಾಸಿನ ಮುಗ್ಗಟ್ಟಿನಲ್ಲಿದ್ದ ಕಾಲವದು. ಆಮೇಲಿನ ಬ್ಲ್ಯಾಕ್‌ಪೂಲ್ ಮತ್ತು ಬ್ಲ್ಯಾಕ್‌ಬರ್ನ್‌ಗಳಲ್ಲಿ ಆ್ಯಪಲ್ಟನ್ ಉಳಿದದ್ದು ತಲಾ ಎರಡು ತಿಂಗಳಿಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಸೋಲುವ ತಂಡದ ಡ್ರೆಸಿಂಗ್ ರೂಮು ಹೇಗಿರುತ್ತದೆ ಎಂಬುದನ್ನು ಬೇರೆಯವರ ತಲೆಯ ಮೇಲೆ ಹೊಣೆಯಿರುವಾಗ ನೋಡಿ ಕಲಿಯುವುದು ಅಗ್ಗದ ಶಿಕ್ಷಣ.

ಮೊದಲ ತಂಡ ಕೈಗೆ ಬಂದಾಗ ನಿಮಗೆ ಚೆನ್ನಾಗಿ ಗೊತ್ತಿರುವ ಜಾಗದಿಂದಲೇ ಕಟ್ಟಲು ಶುರುಮಾಡಿ. 2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹ ಹುಟ್ಟುಹಾಕಿದ ಬಿಎಫ್‌ಸಿಗೆ ಆಟಗಾರರೂ ಇರಲಿಲ್ಲ, ಪರಂಪರೆಯೂ ಇರಲಿಲ್ಲ. ವೆಸ್ಟ್‌ವುಡ್ ಹಿಂದೆ ಆಡಿದ್ದ ನಾರ್ಥಾಂಪ್ಟನ್‌ನಿಂದ ಜಾನ್ ಜಾನ್ಸನ್, ಜೊತೆಗೆ ಕೆನ್ಯಾದ ಕರ್ಟಿಸ್ ಒಸಾನೊ ಬಂದರು. ಇಬ್ಬರೂ ಇಂಗ್ಲೆಂಡಿನ ಕೆಳ ಲೀಗ್‌ಗಳಲ್ಲಿ ಪಳಗಿದ ಡಿಫೆಂಡರ್‌ಗಳು. ವಿದೇಶಿ ಆಟಗಾರರ ಜಾಗಗಳನ್ನೆಲ್ಲ ಗೋಲು ಹೊಡೆಯುವವರಿಗೇ ಕೊಡಬೇಕೆನ್ನುವ ನಮ್ಮ ಕ್ಲಬ್‌ಗಳ ಆಸೆಗೆ ಇದು ಒಳ್ಳೆಯ ಉತ್ತರವೆಂದೇ ನನ್ನ ಭಾವನೆ. ಮುಂದಿನ ಸಾಲಿನಲ್ಲಿ ಗೋಲು ಹೊಡೆಯಲು ಸುನಿಲ್ ಛೆಟ್ರಿ ಇದ್ದರು. 2014ರ ಏಪ್ರಿಲ್ 21ರಂದು ಗೋವಾದ ಫತೋರ್ಡಾದಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ, ಮೊದಲ ವರ್ಷವೇ, ಆಗ ದೇಶದ ಅಗ್ರ ಲೀಗ್ ಆಗಿದ್ದ ಐ–ಲೀಗ್ ಗೆದ್ದುಕೊಂಡರು.

ಆದರೆ ಡಿಫೆಂಡರ್ ಕಟ್ಟಿದ ತಂಡಕ್ಕೂ ಗೋಡೆ ಬಿರುಕು ಬಿಡುತ್ತದೆ. 2015ರ ಮೇ 31ರಂದು ಕಂಠೀರವದಲ್ಲಿ ನಡೆದ ಐ–ಲೀಗ್‌ನ ಕೊನೆಯ ಪಂದ್ಯದಲ್ಲಿ ಪ್ರಶಸ್ತಿಗೆ ಬಿಎಫ್‌ಸಿಗೆ ಗೆಲುವೇ ಬೇಕಿತ್ತು, ಮೋಹನ್ ಬಾಗನ್‌ಗೆ ಡ್ರಾ ಸಾಕಿತ್ತು. ಜಾನ್ಸನ್ ಹೊಡೆದ ಗೋಲು 87ನೇ ನಿಮಿಷದವರೆಗೂ ತಂಡವನ್ನು ಕಾದಿತ್ತು. ಆಗ ಬಾಗನ್‌ನ ಬೆಲ್ಲೊ ರಜಾಕ್, ಅವರೂ ಡಿಫೆಂಡರ್, ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದರು. ಪಂದ್ಯ 1–1, ಪ್ರಶಸ್ತಿ ಕೋಲ್ಕತ್ತಕ್ಕೆ. ಹೊಸ ಕೋಚ್ ಇದರಿಂದ ಒಂದು ಕೆಲಸವನ್ನು ನೇರವಾಗಿ ಎತ್ತಿಕೊಳ್ಳಬಹುದು: ವಾರದ ಅಭ್ಯಾಸದಲ್ಲಿ ಕಾರ್ನರ್ ಮತ್ತು ಫ್ರೀ ಕಿಕ್ ತಡೆಯುವುದನ್ನು ಆರಂಭದಲ್ಲಿ ಮೈ ತಾಜಾ ಇರುವಾಗ ಮಾಡಿಸದೆ, ಕೊನೆಗೆ, ಕಾಲುಗಳು ಸೋತ ಮೇಲೆ ಮಾಡಿಸಿ. ಯಾರು ಯಾರನ್ನು ಹಿಡಿಯಬೇಕು ಎಂಬುದು ಮರೆತುಹೋಗುವುದು ಆ ಹೊತ್ತಿನಲ್ಲೇ. ಮರುವರ್ಷ, 2016ರ ಏಪ್ರಿಲ್‌ನಲ್ಲಿ, ಅದೇ ಮೈದಾನದಲ್ಲಿ ಸಾಲ್ಗಾಂವ್ಕರ್ ತಂಡವನ್ನು 2–0ಯಿಂದ ಸೋಲಿಸಿ ಬಿಎಫ್‌ಸಿ ಪ್ರಶಸ್ತಿಯನ್ನು ಮರಳಿ ಪಡೆಯಿತು.

ಪ್ರಶಸ್ತಿ ಗೆದ್ದವರಿಗೆ ನೌಕರಿ ಭದ್ರ ಎಂದುಕೊಳ್ಳುವುದೂ ತಪ್ಪು. ಬೆಂಗಳೂರು ಬಿಟ್ಟ ಮೇಲೆ ಮಲೇಷ್ಯಾದ ಪಿನಾಂಗ್‌ನಲ್ಲಿ ವೆಸ್ಟ್‌ವುಡ್ ಉಳಿದದ್ದು ಕೆಲವೇ ತಿಂಗಳು. ಕೋಲ್ಕತ್ತದ ಎಟಿಕೆ ಕ್ಲಬ್‌ನಲ್ಲಿ ಕೋಚ್ ಟೆಡ್ಡಿ ಶೆರಿಂಗ್‌ಹ್ಯಾಮ್ ನಂತರ ಹಂಗಾಮಿಯಾಗಿ ತಂಡ ನಡೆಸಿ, ಅದನ್ನು ರಾಬಿ ಕೀನ್ ಕೈಗೆ ಒಪ್ಪಿಸಿದರು. ಆದ್ದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ, ಅವಧಿಗೆ ಮೊದಲೇ ಬಿಡಬೇಕಾಗಿ ಬಂದರೆ ಎಷ್ಟು ತಿಂಗಳ ಸಂಬಳ ಸಿಗುತ್ತದೆ ಎಂಬ ಸಾಲನ್ನು ಎರಡು ಸಲ ಓದಿ.

ಆಟಗಾರರ ಬಗೆಗಿನ ತಿಳಿವಳಿಕೆ ಮಾತ್ರ ಕ್ಲಬ್‌ನ ಜೊತೆಗೆ ಕೈಬಿಟ್ಟು ಹೋಗುವುದಿಲ್ಲ. 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ ಛೆಟ್ರಿ ತಮ್ಮ 150ನೇ ಅಂತರರಾಷ್ಟ್ರೀಯ ಪಂದ್ಯದಲ್ಲಿ ಪೆನಾಲ್ಟಿಯಿಂದ ಗೋಲು ಗಳಿಸಿದರೂ, ಭಾರತವನ್ನು 2–1ರಿಂದ ಸೋಲಿಸಿದ ಅಫ್ಗಾನಿಸ್ತಾನದ ಬೆಂಚಿನಲ್ಲಿ ಕುಳಿತಿದ್ದವರು ಅವರ ಹಳೆಯ ಕೋಚ್ ವೆಸ್ಟ್‌ವುಡ್. ಮರುವರ್ಷ ಜೂನ್‌ನಲ್ಲಿ ಹಾಂಗ್‌ಕಾಂಗ್ ತಂಡದೊಂದಿಗೆ ಅವರು ಭಾರತವನ್ನು 1–0ಯಿಂದ ಮತ್ತೆ ಸೋಲಿಸಿದರು. ನೀವೂ ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಪುಟ ಇಡಿ: ಯಾವ ಕಾಲು, ಒತ್ತಡ ಬಿದ್ದಾಗ ಯಾವ ಕಡೆ ತಿರುಗುತ್ತಾನೆ, ಎಷ್ಟನೇ ನಿಮಿಷಕ್ಕೆ ಮಾತು ನಿಲ್ಲಿಸುತ್ತಾನೆ. ಕ್ಲಬ್ ಬಿಡುವ ದಿನ ಟ್ರ್ಯಾಕ್‌ಸೂಟನ್ನು ಬೇಕಾದರೆ ಅಲ್ಲೇ ಕೊಟ್ಟು ಬನ್ನಿ, ಆ ಪುಸ್ತಕವನ್ನಲ್ಲ.