ಪದ್ಮಿನಿಯ ಬಲ ಹೆಚ್ಚಿಸಲು ಹೋಗಿ ಕಂಡುಕೊಂಡದ್ದು

ಮುಂಬೈಯ ಕುರ್ಲಾದಲ್ಲಿ ತಯಾರಾದ ನಮ್ಮ ತಂದೆಯವರ ಪ್ರೀಮಿಯರ್ ಪದ್ಮಿನಿ ಕಾರಿನ 1089 ಸಿಸಿ ಎಂಜಿನ್ನಿಗೆ ಇರುವುದೇ ಸುಮಾರು 40 ಅಶ್ವಶಕ್ತಿ. ಮುಂಬೈಯಿಂದ ಪುಣೆಗೆ ಮರಳುವಾಗ ಬೋರ್ ಘಾಟಿನ ಏರಿನಲ್ಲಿ ಅದು ಏದುಸಿರು ಬಿಡುತ್ತಿದ್ದುದರಿಂದ, ಗಾಳಿ-ಪೆಟ್ರೋಲ್ ಬೆರೆಸುವ, ಎರಡು ಗಂಟಲಿನ ಕಾರ್ಬೊರೇಟರನ್ನೂ ಹೊಗೆ ಸರಾಗವಾಗಿ ಹೊರಹೋಗುವ ಸೈಲೆನ್ಸರನ್ನೂ ಹಾಕಿಸಿದೆ. ಸದ್ದು ಹೆಚ್ಚಿತು, ಓಟ ಹೆಚ್ಚಲಿಲ್ಲ. ಆಕ್ಸಿಲರೇಟರ್ ಒತ್ತಿದೊಡನೆ ಎಂಜಿನ್ ಒಂದು ಕ್ಷಣ ತಡವರಿಸುತ್ತಿತ್ತು.

ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ತುದಿ ತಿಳಿಗಂದು ಬಣ್ಣದಲ್ಲಿರುವ ಬದಲು ಬೆಳ್ಳಗಿತ್ತು, ಎಂದರೆ ಒಳಹೋಗುವ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿರಲಿಲ್ಲ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹರಿಯುವ ಮುಖ್ಯ ಜೆಟ್ಟನ್ನು 120ರಿಂದ 130ಕ್ಕೆ, ಅಂದರೆ ರಂಧ್ರದ ವ್ಯಾಸವನ್ನು 1.20 ಮಿ.ಮೀ.ನಿಂದ 1.30ಕ್ಕೆ ಏರಿಸಿದಾಗ ಬಣ್ಣವೇನೋ ಸರಿಹೋಯಿತು, ತಡವರಿಕೆ ಉಳಿಯಿತು.

ನಿಜವಾದ ದೋಷ ಇದ್ದದ್ದು ಪ್ಲಗ್‌ಗಳಿಗೆ ಸರದಿಯಂತೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನಲ್ಲಿ. ಅದರ ಶಾಫ್ಟನ್ನು ಹಿಡಿದಿಡುವ ಬುಶ್ ಸವೆದು ಶಾಫ್ಟ್ ಅಲುಗಾಡುತ್ತಿದ್ದುದರಿಂದ ಕಿಡಿಗಾಗಿ ವಿದ್ಯುತ್ತನ್ನು ಕಡಿಯುವ ಪಾಯಿಂಟಿನ ಅಂತರ ಒಂದೇ ಸಮನೆ ನಿಲ್ಲದೆ, ಕಿಡಿ ಹಾರುವ ಸಮಯವೇ ತಪ್ಪುತ್ತಿತ್ತು. (ಇದನ್ನು ಮೊದಲೇ ನೋಡಿದ್ದರೆ ಅರ್ಧ ಖರ್ಚು ಉಳಿಯುತ್ತಿತ್ತು ಎಂದು ತಂದೆಯವರು ಇಂದಿಗೂ ಹೇಳುತ್ತಾರೆ.) ಹೊಸ ಬುಶ್ ಕೂರಿಸಿ, ಪಾಯಿಂಟಿನ ಜಾಗದಲ್ಲಿ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಜೋಡಿಸಿ, ಕಿಡಿಯ ಸಮಯ ತೋರಿಸುವ ಟೈಮಿಂಗ್ ಲೈಟ್ ಹಿಡಿದು ಹೊಂದಿಸಿದ ಮೇಲೆ, ಹಿಂದೆ ಎರಡನೇ ಗೇರಿಗೆ ಇಳಿಯುತ್ತಿದ್ದ ತಿರುವುಗಳನ್ನು ಕಾರು ಮೂರನೆಯದರಲ್ಲೇ ಹತ್ತುತ್ತಿದೆ. ನಾಲ್ಕೂ ಚಕ್ರಗಳಿಗೆ, ಬಿಸಿಯಾದರೆ ಹಿಡಿತ ಕುಗ್ಗುವ ಡ್ರಮ್ ಬ್ರೇಕೇ ಇರುವುದರಿಂದ ಇಳಿಜಾರಿನಲ್ಲಿ ಮಾತ್ರ ಹಳೆಯ ವೇಗವನ್ನೇ ಇಟ್ಟುಕೊಂಡಿದ್ದೇನೆ.